ಚಾವಣಿಯ ಬಿಲ್ಲಿನಲ್ಲಿ ಅಡಗಿರುವ ತ್ರಿಕೋನ ಪಟ್ಟಕ: 960 ಚದರ ಅಡಿ 1540 ಆಗುವುದು ಹೇಗೆ?

ಮುಂಗಾರು ಸಮೀಪಿಸುತ್ತಿದ್ದಂತೆ ಕರಾವಳಿ ಹಾಗೂ ಮಲೆನಾಡಿನ ಊರುಗಳಲ್ಲಿ ಒಡೆದ ಹಂಚು ಬದಲಿಸುವ, ಗೆದ್ದಲು ಹಿಡಿದ ಪಕಾಸು-ರೀಪುಗಳನ್ನು ಕಿತ್ತು ಹೊಸದನ್ನು ಹೊಡೆಯುವ ಕೆಲಸ ಬಿರುಸು ಪಡೆಯುತ್ತದೆ. ಬೆಂಗಳೂರು, ಮೈಸೂರಿನಂಥ ನಗರಗಳಲ್ಲೂ ಸೋರುವ ತಾರಸಿಯ ಮೇಲೆ ಇಳಿಜಾರಾಗಿ ಶೀಟು ಹೊದಿಸುವುದು ಈಗ ಸಾಮಾನ್ಯ ದೃಶ್ಯ. ಕೆಲಸವೇನೋ ಮುಗಿಯುತ್ತದೆ. ಆದರೆ ಗುತ್ತಿಗೆದಾರ ಕೈಗಿಡುವ ಬಿಲ್ಲಿನಲ್ಲಿ ಒಂದು ಅಂಕಿ ಮನೆಯೊಡೆಯನ ಹುಬ್ಬೇರಿಸುತ್ತದೆ. ಅದೇ ಚಾವಣಿಯ ವಿಸ್ತೀರ್ಣ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಗಲ 24 ಅಡಿ, ಉದ್ದ 40 ಅಡಿ. ನೆಲದ ವಿಸ್ತೀರ್ಣ 960 ಚದರ ಅಡಿ. ನೂರು ಚದರ ಅಡಿಗೆ ಒಂದು ‘ಚದರ’ ಎನ್ನುವ ನಮ್ಮ ಕಟ್ಟಡದವರ ಮಾತಿನಲ್ಲಿ ಹೇಳುವುದಾದರೆ ಒಂಬತ್ತೂವರೆ ಚದರಕ್ಕೆ ತುಸು ಮೇಲು. ಬಿಲ್ಲಿನಲ್ಲಿ ಮಾತ್ರ ಚಾವಣಿಯ ಲೆಕ್ಕ 1540 ಚದರ ಅಡಿ ಎಂದಿದೆ. ಚದರ ಅಡಿಗೆ 150 ರೂಪಾಯಿಯಂತೆ ಮಾತಾಗಿತ್ತು ಎಂದಿಟ್ಟುಕೊಂಡರೆ, ಮನೆಯೊಡೆಯ ಮನಸ್ಸಿನಲ್ಲಿ ಲೆಕ್ಕ ಹಾಕಿಟ್ಟುಕೊಂಡಿದ್ದ ಮೊತ್ತ 1,44,000 ರೂಪಾಯಿ. ಈಗ ಕೊಡಬೇಕಾಗಿ ಬಂದಿರುವುದು 2,31,000 ರೂಪಾಯಿ. ಅಂತರ 87 ಸಾವಿರ.

ಇದು ಮೋಸವೇ? ಹಲವರು ಹಾಗೆಂದೇ ತಿಳಿದು ಜಗಳಕ್ಕೆ ನಿಲ್ಲುತ್ತಾರೆ. ಇನ್ನು ಕೆಲವರು ತಮಗೇಕೆ ಬೇಕು ಈ ಲೆಕ್ಕದ ತಂಟೆ ಎಂದು ಕೇಳಿದಷ್ಟು ಕೊಟ್ಟು ಸುಮ್ಮನಾಗುತ್ತಾರೆ. ವಾಸ್ತವವಾಗಿ ಈ ವ್ಯಾಜ್ಯವನ್ನು ಹತ್ತು ನಿಮಿಷದಲ್ಲಿ ಬಗೆಹರಿಸಬಲ್ಲ ಪಾಠವೊಂದು ಪ್ರೌಢಶಾಲೆಯ ಗಣಿತದಲ್ಲಿದೆ. ಪರೀಕ್ಷೆಗೆಂದು ಕಂಠಪಾಠ ಮಾಡಿ, ಮರುದಿನವೇ ಮರೆತುಬಿಡುವ ಆ ಪಾಠದ ಹೆಸರು ತ್ರಿಕೋನ ಪಟ್ಟಕದ ಮೇಲ್ಮೈ ವಿಸ್ತೀರ್ಣ.

ಮಲಗಿರುವ ಪಟ್ಟಕ

ಪಟ್ಟಕ ಎಂದೊಡನೆ ಬಹುತೇಕರ ಕಣ್ಣಮುಂದೆ ಬರುವುದು ಭೌತಶಾಸ್ತ್ರದ ಪ್ರಯೋಗಾಲಯದ ಗಾಜಿನ ತುಂಡು. 17ನೇ ಶತಮಾನದಲ್ಲಿ ಐಸಾಕ್ ನ್ಯೂಟನ್ ಬಿಸಿಲಿನ ಕಿರಣವನ್ನು ಏಳು ಬಣ್ಣಗಳಾಗಿ ಬಿಡಿಸಿ ತೋರಿಸಿದ್ದು ಅಂಥದೇ ಗಾಜಿನಿಂದ. ಗಣಿತದ ದೃಷ್ಟಿಯಲ್ಲಿ ಗಾಜು ಮುಖ್ಯವಲ್ಲ, ಆಕಾರ ಮುಖ್ಯ. ಒಂದೇ ಅಳತೆಯ ಎರಡು ತ್ರಿಕೋನಗಳು ಪರಸ್ಪರ ಸಮಾನಾಂತರವಾಗಿ ಎದುರುಬದುರು ನಿಂತಿರಬೇಕು. ಅವುಗಳ ಬದಿಗಳನ್ನು ಮೂರು ಆಯತಗಳು ಜೋಡಿಸಿರಬೇಕು. ಒಟ್ಟು ಐದು ಮುಖ. ಟೊಬ್ಲರೋನ್ ಚಾಕೊಲೇಟಿನ ಪೆಟ್ಟಿಗೆ, ಬಟ್ಟೆಯ ಗುಡಾರ, ಎರಡು ಇಳಿಜಾರಿನ ಹಂಚಿನ ಚಾವಣಿ ಎಲ್ಲವೂ ಈ ಕುಟುಂಬಕ್ಕೆ ಸೇರಿದವು.

ತೊಡಕು ಇರುವುದು ಚಿತ್ರದಲ್ಲಿ. ಪಠ್ಯಪುಸ್ತಕಗಳಲ್ಲಿ ಪಟ್ಟಕ ಸಾಮಾನ್ಯವಾಗಿ ತ್ರಿಕೋನವನ್ನೇ ಪಾದವಾಗಿಸಿಕೊಂಡು ಕಂಬದಂತೆ ನೆಟ್ಟಗೆ ನಿಂತಿರುತ್ತದೆ. ಮನೆಯ ಮೇಲಿರುವ ಪಟ್ಟಕ ಹಾಗಲ್ಲ, ಅದು ಮಗ್ಗುಲಾಗಿ ಮಲಗಿದೆ. ತ್ರಿಕೋನಗಳು ಮನೆಯ ಎರಡು ತುದಿಗಳಲ್ಲಿವೆ. ಪುಸ್ತಕ ‘ಪಟ್ಟಕದ ಎತ್ತರ’ ಎಂದು ಕರೆಯುವುದು ಇಲ್ಲಿ ಮನೆಯ ಉದ್ದವಾಗಿದೆ. ಇದರ ಜೊತೆಗೆ ತ್ರಿಕೋನಕ್ಕೂ ತನ್ನದೇ ಆದ ಒಂದು ಎತ್ತರವಿದೆ. ಒಂದೇ ಲೆಕ್ಕದಲ್ಲಿ ‘ಎತ್ತರ’ ಎಂಬ ಪದ ಎರಡು ಬೇರೆ ಬೇರೆ ಅಳತೆಗಳಿಗೆ ಬಳಕೆಯಾಗುವುದರಿಂದ ವಿದ್ಯಾರ್ಥಿಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಅಂಕ ಕಳೆದುಕೊಳ್ಳುತ್ತಾರೆ. ಹಾಗಾಗಿ ಈ ಬರಹದಲ್ಲಿ ಎರಡು ತ್ರಿಕೋನಗಳ ನಡುವಿನ ದೂರವನ್ನು ಉದ್ದ ಎಂದೂ, ತ್ರಿಕೋನದ ಪಾದದಿಂದ ನೆತ್ತಿಗೆ ನೇರವಾಗಿ ಅಳೆದದ್ದನ್ನು ಎತ್ತರ ಎಂದೂ ಕರೆಯಲಾಗಿದೆ.

ಬಿಚ್ಚಿ ಹರವಿದರೆ ಸೂತ್ರ ತಾನಾಗಿ ಕಾಣುತ್ತದೆ

ನಮ್ಮ ಮನೆಯ ಚಾವಣಿಯ ನೆತ್ತಿ ಗೋಡೆಯ ಮಟ್ಟದಿಂದ 9 ಅಡಿ ಮೇಲಿದೆ ಎನ್ನೋಣ. ತ್ರಿಕೋನದ ಪಾದ 24 ಅಡಿ, ಅದರ ಅರ್ಧ 12 ಅಡಿ. ಅಡ್ಡಕ್ಕೆ 12, ಮೇಲಕ್ಕೆ 9 ಆದರೆ ಇಳಿಜಾರಿನ ಉದ್ದ ಎಷ್ಟು? 12ರ ವರ್ಗ 144, 9ರ ವರ್ಗ 81, ಎರಡೂ ಸೇರಿ 225. ಅದರ ವರ್ಗಮೂಲ 15. ಪೈಥಾಗೊರಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ, ನಮ್ಮ ಬೌಧಾಯನ ಶುಲ್ಬಸೂತ್ರದಲ್ಲೂ ಇರುವ ನಿಯಮವಿದು. ಅಲ್ಲಿಗೆ ತ್ರಿಕೋನದ ಮೂರು ಬದಿಗಳು 24, 15, 15 ಅಡಿ.

ಈಗ ಆ ಪಟ್ಟಕ ರಟ್ಟಿನ ಪೆಟ್ಟಿಗೆಯೆಂದು ಭಾವಿಸಿ ಬಿಚ್ಚಿ ನೆಲದ ಮೇಲೆ ಹರವಬೇಕು. ಮೂರು ಆಯತಗಳು ಪಕ್ಕಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡು ಬೀಳುತ್ತವೆ. ಮೂರರ ಉದ್ದವೂ 40 ಅಡಿಯೇ. ಅಗಲ ಮಾತ್ರ 24, 15, 15. ಅಂದರೆ ಅವು ಮೂರು ಬೇರೆ ಆಯತಗಳಲ್ಲ, 54 ಅಡಿ ಅಗಲ, 40 ಅಡಿ ಉದ್ದದ ಒಂದೇ ದೊಡ್ಡ ಆಯತ. ಈ 54 ಎಂಬುದು ತ್ರಿಕೋನದ ಸುತ್ತಳತೆ. ಸುತ್ತಳತೆಯನ್ನು ಉದ್ದದಿಂದ ಗುಣಿಸಿದರೆ ಪಾರ್ಶ್ವ ಮೇಲ್ಮೈ ವಿಸ್ತೀರ್ಣ ಸಿಗುತ್ತದೆ ಎಂದು ಪುಸ್ತಕ ಹೇಳುವುದರ ಹಿಂದಿರುವ ಗುಟ್ಟು ಇಷ್ಟೇ. 54ನ್ನು 40ರಿಂದ ಗುಣಿಸಿದರೆ 2160 ಚದರ ಅಡಿ.

ಉಳಿದದ್ದು ಎರಡು ತ್ರಿಕೋನಗಳು. ಪಾದವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿದರೆ ಒಂದು ತ್ರಿಕೋನದ ವಿಸ್ತೀರ್ಣ. 24ನ್ನು 9ರಿಂದ ಗುಣಿಸಿದರೆ 216, ಅರ್ಧ 108. ಅಂಥವು ಎರಡಿರುವುದರಿಂದ ಮತ್ತೆ 216. ಮೊದಲು ಅರ್ಧ ಮಾಡಿ ಆಮೇಲೆ ದ್ವಿಗುಣಗೊಳಿಸುವ ಶ್ರಮವೇ ಬೇಡ. ಪಾದವನ್ನು ಎತ್ತರದಿಂದ ಗುಣಿಸಿದರೆ ಎರಡೂ ತ್ರಿಕೋನಗಳ ಲೆಕ್ಕ ಒಮ್ಮೆಗೇ ಮುಗಿಯಿತು. ಒಟ್ಟು ಮೇಲ್ಮೈ 2160 ಕೂಡಿಸು 216, ಅಂದರೆ 2376 ಚದರ ಅಡಿ. ಪರೀಕ್ಷೆಯಲ್ಲಾದರೆ ಇದಕ್ಕೆ ಪೂರ್ಣ ಅಂಕ.

ಇಲ್ಲಿ ಆಗುವ ಒಂದು ತಪ್ಪನ್ನು ವಿಶೇಷವಾಗಿ ಹೇಳಬೇಕು. ತ್ರಿಕೋನದ ವಿಸ್ತೀರ್ಣಕ್ಕೆ 9ರ ಬದಲು ಇಳಿಜಾರಿನ 15ನ್ನೇ ಎತ್ತರವೆಂದು ಹಿಡಿಯುವುದು. ಹಾಗೆ ಮಾಡಿದರೆ ಒಂದು ತ್ರಿಕೋನ 108ರ ಬದಲು 180 ಚದರ ಅಡಿಯಾಗುತ್ತದೆ. ತರಗತಿಯಲ್ಲಿ ಇದು ಅರ್ಧ ಅಂಕದ ನಷ್ಟ. ತ್ರಿಕೋನಾಕಾರದ ಗೋಡೆಗೆ ಬಣ್ಣ ಬಳಿಸುವಾಗ ಎರಡು ಗೋಡೆಗೆ ಸೇರಿ 144 ಚದರ ಅಡಿಯಷ್ಟು ಇಲ್ಲದ ಗೋಡೆಗೆ ಹಣ ತೆತ್ತಂತೆ.

ಐದು ಮುಖಗಳಲ್ಲಿ ಎಣಿಸಬೇಕಾದ್ದು ಯಾವುದು?

ಆದರೆ ಬಿಲ್ಲಿನಲ್ಲಿರುವುದು 2376 ಅಲ್ಲ, 960 ಕೂಡ ಅಲ್ಲ. ಸೂತ್ರ ಐದೂ ಮುಖಗಳನ್ನು ಕೂಡಿಸಿಕೊಡುತ್ತದೆ. ಹಂಚು ಹೊದಿಸುವವರಿಗೆ ಬೇಕಾಗಿರುವುದು ಎರಡೇ ಮುಖ. ಕೆಳಗಿನ 960 ಚದರ ಅಡಿಯ ಆಯತ ಗಾಳಿಯಲ್ಲಿ ತೆರೆದಿರುವ ಜಾಗ. ಹಳೆಯ ಮನೆಗಳಂತೆ ಅಲ್ಲಿ ಮರದ ಮುಚ್ಚಿಗೆ ಹಾಕಿಸುವುದಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಅದೂ ಬಡಗಿಯ ಲೆಕ್ಕಕ್ಕೆ. ಎರಡು ತ್ರಿಕೋನಗಳು ಗಾರೆಯವರಿಗೂ ಬಣ್ಣದವರಿಗೂ ಸೇರಿದ್ದು. ಹಂಚಿನವರ ಪಾಲು 15 ಅಡಿ ಅಗಲ, 40 ಅಡಿ ಉದ್ದದ ಎರಡು ಇಳಿಜಾರುಗಳು: 1200 ಚದರ ಅಡಿ.

ಹೀಗೆ ಒಂದೇ ಚಾವಣಿ ಬಡಗಿಗೆ ಒಂದು, ಗಾರೆಯವನಿಗೆ ಇನ್ನೊಂದು, ಹಂಚಿನವನಿಗೆ ಮತ್ತೊಂದು. ಸೂತ್ರ ಬಾಯಿಪಾಠ ಬರುವವರೂ ವ್ಯವಹಾರದಲ್ಲಿ ಎಡವುವುದು ಇಲ್ಲೇ. ಯಾವ ಮುಖವನ್ನು ಕೈಬಿಡಬೇಕು ಎಂದು ಸೂತ್ರ ಹೇಳಿಕೊಡುವುದಿಲ್ಲ.

960 ಎಲ್ಲಿ, 1200 ಎಲ್ಲಿ? ನೆಲಕ್ಕಿಂತ ಚಾವಣಿ ಶೇ 25ರಷ್ಟು ಹೆಚ್ಚು. ಇದಕ್ಕೆ ಕಾರಣ ಇಳಿಜಾರು ಮಾತ್ರ. ಅಡ್ಡಕ್ಕೆ 12 ಅಡಿ ಸಾಗುವಾಗ 4 ಅಡಿ ಮೇಲೇರುವ ಚಾವಣಿಯಲ್ಲಿ ಈ ಹೆಚ್ಚಳ ಸುಮಾರು ಶೇ 5. 6 ಅಡಿ ಏರಿದರೆ ಸುಮಾರು ಶೇ 12. 9 ಅಡಿಗೆ ಶೇ 25. 12 ಅಡಿಗೆ, ಅಂದರೆ 45 ಡಿಗ್ರಿಯ ಇಳಿಜಾರಿಗೆ, ಶೇ 41. ಮನೆ ದೊಡ್ಡದೋ ಚಿಕ್ಕದೋ ಎಂಬುದಕ್ಕೂ ಈ ಪ್ರಮಾಣಕ್ಕೂ ಸಂಬಂಧವಿಲ್ಲ. ತಾರಸಿಯ ಮೇಲಿನ ಶೀಟಿಗೆ ಕಡಿಮೆ ಇಳಿಜಾರು ಸಾಕಾಗುವುದರಿಂದ ನಗರದವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಮಳೆ ಬಿರುಸಾಗಿರುವ, ಹಂಚಿನ ಸಂದುಗಳಿಂದ ನೀರು ಒಳಸರಿಯುವ ಮುನ್ನವೇ ಇಳಿದುಹೋಗಬೇಕಾದ ಮಲೆನಾಡಿನಲ್ಲಿ ಇಳಿಜಾರು ಹೆಚ್ಚು, ಖರ್ಚೂ ಹೆಚ್ಚು.

ಸೂರಿನ ಲೆಕ್ಕ

ಬಿಲ್ಲಿನ 1540ಕ್ಕೆ ಇನ್ನೂ 340 ಚದರ ಅಡಿ ಬಾಕಿಯಿದೆ. ಅದು ಅಡಗಿರುವುದು ಸೂರಿನಲ್ಲಿ. ಚಾವಣಿ ಗೋಡೆಯ ಅಂಚಿಗೆ ಬಂದು ನಿಲ್ಲುವುದಿಲ್ಲ. ಗೋಡೆಗೆ ಎರಚಲು ಬಡಿಯದಿರಲೆಂದು ನಾಲ್ಕೂ ಕಡೆ ಹೊರಚಾಚಿರುತ್ತದೆ. ಆ ಚಾಚು ನೆಲಕ್ಕೆ ಸಮಾನಾಂತರವಾಗಿ ಅಳೆದಾಗ ಎಲ್ಲ ಕಡೆಯೂ 2 ಅಡಿ ಎಂದುಕೊಂಡರೆ, ಪಟ್ಟಕದ ಅಗಲ 24ರಿಂದ 28 ಅಡಿಗೆ, ಉದ್ದ 40ರಿಂದ 44 ಅಡಿಗೆ ಏರುತ್ತದೆ. ಅಗಲದ ಅರ್ಧ 14 ಅಡಿ. ಅದೇ ಇಳಿಜಾರಿನಲ್ಲಿ ಅದು ಹದಿನೇಳೂವರೆ ಅಡಿಯಾಗುತ್ತದೆ. ಹದಿನೇಳೂವರೆಯನ್ನು 44ರಿಂದ ಗುಣಿಸಿ ಎರಡು ಮಾಡಿದರೆ ಸರಿಯಾಗಿ 1540.

ಅಂದರೆ ಬಿಲ್ಲು ಸಾಚಾ. ಕೇವಲ ಎರಡಡಿ ಸೂರು, ನೋಡುವುದಕ್ಕೆ ಏನೂ ಅಲ್ಲ ಎನಿಸುವಂಥದ್ದು, 340 ಚದರ ಅಡಿ ನುಂಗಿದೆ. ನೆಲದ ಅಳತೆ ಹಿಡಿದು ವಾದಕ್ಕಿಳಿದ ಮನೆಯೊಡೆಯನೇ ಇಲ್ಲಿ ಸೋಲುತ್ತಾನೆ. ಇಷ್ಟಾಗಿಯೂ ಕೆಲಸ ಹಿಡಿಯುವ ಮೊದಲೇ ಈ ಲೆಕ್ಕವನ್ನು ಬಿಡಿಸಿ ಹೇಳುವ ಗುತ್ತಿಗೆದಾರರು ವಿರಳ ಎಂಬುದನ್ನೂ ಒಪ್ಪಬೇಕು. ‘ಅಡಿಗೆ ಇಷ್ಟು’ ಎಂದಷ್ಟೇ ಮಾತಾಗಿರುತ್ತದೆ. ಯಾವ ಅಡಿ ಎಂದು ಯಾರೂ ಕೇಳಿರುವುದಿಲ್ಲ.

ಶೀಟಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶೀಟುಗಳು ಒಂದರ ಅಂಚಿನ ಮೇಲೊಂದು ಕೂರುತ್ತವೆ. ಹೀಗಾಗಿ ಅಂಗಡಿಯಲ್ಲಿ ಕೊಂಡ ಶೀಟಿನ ವಿಸ್ತೀರ್ಣ ಹೊದಿಸಿದ ಮೇಲಿನ ವಿಸ್ತೀರ್ಣಕ್ಕಿಂತ ಯಾವಾಗಲೂ ಹೆಚ್ಚು. ಹದಿನೇಳೂವರೆ ಅಡಿ ಬೇಕಾದಲ್ಲಿ 18 ಅಡಿಯ ಶೀಟು ತರಿಸಿದರೆ, ಅದರಿಂದಲೇ ಲೆಕ್ಕ 1584ಕ್ಕೆ ಜಿಗಿಯುತ್ತದೆ. ಹಣ ಕೊಡುವುದು ಕೊಂಡ ಮಾಲಿಗೋ, ಹೊದಿಸಿದ ಚಾವಣಿಗೋ ಎಂಬುದು ಗಣಿತದ ಪ್ರಶ್ನೆಯಲ್ಲ, ಒಪ್ಪಂದದ ಪ್ರಶ್ನೆ.

ನಾಲ್ಕು ಇಳಿಜಾರಾದರೆ ಹೆಚ್ಚೇ?

ಎರಡು ಇಳಿಜಾರಿನ ಬದಲು ನಾಲ್ಕೂ ಕಡೆಗೆ ಇಳಿಜಾರು ಮಾಡಿಸಿದರೆ ಹಂಚು ಹೆಚ್ಚು ಬೇಕೆಂಬುದು ವ್ಯಾಪಕವಾದ ನಂಬಿಕೆ. ಇಳಿಜಾರಿನ ಪ್ರಮಾಣ ಎಲ್ಲ ಕಡೆಯೂ ಒಂದೇ ಆಗಿದ್ದರೆ ಇದು ನಿಜವಲ್ಲ. ಮೇಲಿನಿಂದ ನೇರವಾಗಿ ನೋಡಿದಾಗ ಚಾವಣಿ ಮುಚ್ಚುವ ಜಾಗ 28ಕ್ಕೆ 44 ಅಡಿ, ಅಂದರೆ 1232 ಚದರ ಅಡಿ. ಅದರ ಪ್ರತಿ ತುಣುಕೂ ಒಂದೇ ಓರೆಯಲ್ಲಿದ್ದರೆ, ಓರೆ ಯಾವ ದಿಕ್ಕಿಗೇ ಇರಲಿ, ಒಂದೂಕಾಲು ಪಟ್ಟು ಹೆಚ್ಚುತ್ತದೆ. 1232ರ ಒಂದೂಕಾಲು ಪಟ್ಟು ಮತ್ತದೇ 1540. ನಾಲ್ಕು ಇಳಿಜಾರಿನ ಚಾವಣಿಗೆ ಹೆಚ್ಚು ಹಣ ಕೇಳಿದರೆ ಅದಕ್ಕೆ ಕಾರಣ ವಿಸ್ತೀರ್ಣವಲ್ಲ. ಮೂಲೆಗಳಲ್ಲಿ ಹಂಚನ್ನು ಓರೆಯಾಗಿ ಕತ್ತರಿಸುವ ಶ್ರಮ ಮತ್ತು ಅದರಲ್ಲಿ ಹಾಳಾಗುವ ಹಂಚು. ಪ್ರತಿಯಾಗಿ ತುದಿಯ ಎರಡು ತ್ರಿಕೋನ ಗೋಡೆಗಳೇ ಇಲ್ಲವಾಗುತ್ತವೆ, ಅಲ್ಲಿ ಗಾರೆ-ಬಣ್ಣದ ಖರ್ಚು ಉಳಿಯುತ್ತದೆ.

ಒಂದು ದೊಡ್ಡ ಪಟ್ಟಕದ ಬದಲು ಎರಡು ಚಿಕ್ಕ ಪಟ್ಟಕಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದರೂ ಹೀಗೆಯೇ. ಸೂರನ್ನು ಬದಿಗಿಟ್ಟು ನೋಡಿದರೆ, 12 ಅಡಿ ಅಗಲದ, ನಾಲ್ಕೂವರೆ ಅಡಿ ಎತ್ತರದ ಎರಡು ಚಾವಣಿಗಳಿಗೆ ಏಳೂವರೆ ಅಡಿಯ ನಾಲ್ಕು ಇಳಿಜಾರು. ಒಟ್ಟು ಮತ್ತೆ 1200 ಚದರ ಅಡಿಯೇ. ತ್ರಿಕೋನ ಗೋಡೆಗಳ ಒಟ್ಟು ವಿಸ್ತೀರ್ಣ ಮಾತ್ರ 216ರಿಂದ 108ಕ್ಕೆ ಇಳಿಯುತ್ತದೆ. ಲಾಭವೆನಿಸೀತು. ಆದರೆ ಎರಡು ಚಾವಣಿ ಕೂಡುವ ತಗ್ಗಿನಲ್ಲಿ ಮಳೆಗಾಲವಿಡೀ ನೀರು ಹರಿಯಬೇಕು. ಅಲ್ಲಿ ಕೂರಿಸುವ ತಗಡಿನ ದೋಣಿ ತುಕ್ಕು ಹಿಡಿದ ದಿನ ಉಳಿಸಿದ ಹಣ ಖರ್ಚಾಗುತ್ತದೆ.

ಓರೆಕೋರೆಯಾದಾಗ

ಎಲ್ಲ ಮನೆಗಳ ನೆತ್ತಿ ನಟ್ಟನಡುವೆ ಇರುವುದಿಲ್ಲ. ಮುಂದಿನ ಇಳಿಜಾರು ಉದ್ದ, ಹಿಂದಿನದು ಗಿಡ್ಡ ಎಂಬಂಥ ಹಳೆಯ ಮನೆಗಳೂ ಉಂಟು. ನೆತ್ತಿಯ ಎತ್ತರ ಅಳೆಯಲು ಅಟ್ಟ ಹತ್ತಿ ತೂಗುಗುಂಡು ಇಳಿಬಿಡಬೇಕು. ಅಟ್ಟವೇ ಇಲ್ಲದಿದ್ದರೆ ಅದೂ ಸಾಧ್ಯವಿಲ್ಲ. ಅಂಥ ಕಡೆ ಮೂರು ಬದಿಗಳ ಅಳತೆಯಷ್ಟೇ ಸಿಕ್ಕರೂ ಸಾಕು. ಉದಾಹರಣೆಗೆ ಪಾದ 21 ಅಡಿ, ಇಳಿಜಾರುಗಳು 10 ಮತ್ತು 17 ಅಡಿ. ಸುತ್ತಳತೆ 48, ಅದರ ಅರ್ಧ 24. ಈ 24ರಿಂದ ಮೂರು ಬದಿಗಳನ್ನು ಒಂದೊಂದಾಗಿ ಕಳೆದರೆ 3, 14, 7. ನಾಲ್ಕೂ ಸಂಖ್ಯೆಗಳನ್ನು ಗುಣಿಸಿದರೆ 7056. ಅದರ ವರ್ಗಮೂಲ 84. ತ್ರಿಕೋನದ ವಿಸ್ತೀರ್ಣ 84 ಚದರ ಅಡಿ. ಎತ್ತರವೂ ಬೇಕಿದ್ದರೆ 84ನ್ನು ದ್ವಿಗುಣಗೊಳಿಸಿ 21ರಿಂದ ಭಾಗಿಸಬೇಕು, 8 ಅಡಿ. ಅಟ್ಟ ಹತ್ತದೆಯೇ ನೆತ್ತಿಯ ಎತ್ತರ ತಿಳಿಯಿತು.

ಶಾಲೆಯಲ್ಲಿ ಇದನ್ನು ಹೆರಾನನ ಸೂತ್ರ ಎಂದು ಕಲಿಸುತ್ತಾರೆ. ಕನ್ನಡ ನಾಡಿಗೂ ಈ ಸೂತ್ರಕ್ಕೂ ಹಳೆಯ ನಂಟಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಬದಿಗಳಿಂದಲೇ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯುವ ಈ ವಿಧಾನವಿದೆ. 12ನೇ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ರಚಿಸಿದ. ಹೆಸರೇ ಸೂಚಿಸುವಂತೆ ಲೆಕ್ಕ ವ್ಯವಹಾರಕ್ಕೆ ಒದಗಬೇಕೆಂಬುದು ಆತನ ಕಾಳಜಿ.

ಅದೇ ರೀತಿ ಇಂದು ಊರೂರಲ್ಲಿ ಕಾಣುವ ಚಪ್ಪಟೆ ಹಂಚಿಗೂ ಒಂದು ಚರಿತ್ರೆಯಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ‘ಮಂಗಳೂರು ಹಂಚು’ ದೇಶದ ನಾನಾ ಭಾಗಗಳಿಗೂ ವಿದೇಶಗಳಿಗೂ ಹೋಯಿತು. ಒಂದೇ ಅಚ್ಚಿನಲ್ಲಿ ಒತ್ತಿ ಸುಟ್ಟ ಹಂಚಾದ್ದರಿಂದ ಚಾವಣಿಯ ವಿಸ್ತೀರ್ಣ ತಿಳಿದರೆ ಹಂಚಿನ ಸಂಖ್ಯೆಯನ್ನು ಮೊದಲೇ ಅಂದಾಜು ಮಾಡುವುದು ಸುಲಭವಾಯಿತು.

ಮಳೆಗೆ ಬೇಕಾದ ಅಳತೆ ಬೇರೆ

ವಿಸ್ತೀರ್ಣದ ಈ ಗೊಂದಲ ಇನ್ನೊಂದು ಕಡೆಯಲ್ಲೂ ತಲೆ ಎತ್ತುತ್ತದೆ. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾದ ನಂತರ ರಾಜಧಾನಿಯಲ್ಲಿ ನಿಗದಿತ ಅಳತೆಯ ನಿವೇಶನಗಳ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಎಷ್ಟು ದೊಡ್ಡ ತೊಟ್ಟಿ ಕಟ್ಟಿಸಬೇಕು ಎಂದು ಲೆಕ್ಕ ಹಾಕುವಾಗ ಇಳಿಜಾರು ಚಾವಣಿಯ ಮನೆಯವರು ಬಿಲ್ಲಿನಲ್ಲಿರುವ 1540ನ್ನೇ ಹಿಡಿದರೆ ತಪ್ಪಾಗುತ್ತದೆ. ಚಾವಣಿ ಎಷ್ಟೇ ಓರೆಯಾಗಿರಲಿ, ಆಕಾಶದಿಂದ ನೇರವಾಗಿ ಬೀಳುವ ಮಳೆಗೆ ಅದು ಒಡ್ಡುವುದು ಮೇಲಿನಿಂದ ಕಾಣುವ ಜಾಗವನ್ನು ಮಾತ್ರ, ಅಂದರೆ 28ಕ್ಕೆ 44 ಅಡಿಯ 1232 ಚದರ ಅಡಿ. ಇದು ಸುಮಾರು 114 ಚದರ ಮೀಟರ್. 10 ಮಿಲಿಮೀಟರ್ ಮಳೆ ಸುರಿದರೆ ಸುಮಾರು 1,140 ಲೀಟರ್ ನೀರು; ಚಿಮ್ಮಿ ಹೋದದ್ದು, ಹಂಚು ಹೀರಿದ್ದು ಕಳೆದರೆ ಇನ್ನೂ ಕಡಿಮೆ. 1540ನ್ನು ಹಿಡಿದವರ ಲೆಕ್ಕದಲ್ಲಿ ಅದು 1,430 ಲೀಟರ್ ಆಗಿ, ಶೇ 25ರಷ್ಟು ಬಾರದ ನೀರಿಗೆ ತೊಟ್ಟಿ ಕಟ್ಟಿಸಿದಂತಾಗುತ್ತದೆ. ಹಂಚಿನವನಿಗೆ ಇಳಿಜಾರಿನ ಅಳತೆ, ಮಳೆಗೆ ನೆಲದ ಮೇಲಿನ ನೆರಳಿನ ಅಳತೆ.

ಟೇಪು ಹಿಡಿದು ನಿಂತಾಗ

ಅಳೆಯುವುದು ಕಷ್ಟವೇನಲ್ಲ. ಸೂರಿನಿಂದ ಸೂರಿಗೆ ಮನೆಯ ಉದ್ದವನ್ನು ನೆಲದ ಮೇಲೇ ಅಳೆಯಬಹುದು. ಏಣಿ ಹಾಕಿ ಒಂದು ಇಳಿಜಾರನ್ನು ನೆತ್ತಿಯಿಂದ ಅಂಚಿನವರೆಗೆ ಟೇಪಿನಲ್ಲಿ ಅಳೆದರೆ ವರ್ಗಮೂಲದ ಗೋಜೂ ಇಲ್ಲ. ಎರಡನ್ನು ಗುಣಿಸಿ ದ್ವಿಗುಣಗೊಳಿಸಿದರೆ ಬಿಲ್ಲಿನ ಜೊತೆ ತಾಳೆ ನೋಡಬಹುದು. ನೆತ್ತಿಗೆ ಹೊದಿಸುವ ಕಮಾನು ಹಂಚಿಗೆ ಚದರ ಅಡಿಯ ಲೆಕ್ಕ ಹೊಂದುವುದಿಲ್ಲ. ಅದನ್ನು ಉದ್ದಕ್ಕೆ, ನಮ್ಮ ಮನೆಯಲ್ಲಾದರೆ 44 ಅಡಿಗೆ, ಪ್ರತ್ಯೇಕವಾಗಿ ಮಾತಾಡಿಕೊಳ್ಳಬೇಕು. ದರ ಇಳಿಜಾರಿನ ಅಳತೆಗೋ, ಸೂರು ಸೇರಿಯೋ, ಶೀಟಿನ ಅಂಚು ಕೂರುವ ಭಾಗ ಯಾರ ಲೆಕ್ಕಕ್ಕೆ ಎಂಬ ಮೂರು ಮಾತು ಮುಂಗಡ ಕೊಡುವ ಮೊದಲೇ ಚೀಟಿಯಲ್ಲಿ ಬರೆಸಿಕೊಂಡರೆ ಒಳಿತು.

ಕೊನೆಗೊಂದು ಎಚ್ಚರಿಕೆ, ಅಡಿ-ಮೀಟರುಗಳ ಬಗ್ಗೆ. ಒಂದು ಮೀಟರಿಗೆ ಸುಮಾರು 3.28 ಅಡಿ ಎಂಬುದು ಎಲ್ಲರಿಗೂ ಗೊತ್ತು. ಹಾಗೆಂದು 1540 ಚದರ ಅಡಿಯನ್ನು 3.28ರಿಂದ ಭಾಗಿಸಿ 469 ಚದರ ಮೀಟರ್ ಎಂದು ಬರೆದರೆ ಚಾವಣಿ ಮೂರು ಪಟ್ಟಿಗೂ ಮಿಗಿಲಾಗಿ ಹಿಗ್ಗಿದಂತೆ. ವಿಸ್ತೀರ್ಣಕ್ಕೆ ಭಾಗಿಸಬೇಕಾದ್ದು 3.28ರ ವರ್ಗದಿಂದ, ಅಂದರೆ ಸುಮಾರು 10.76ರಿಂದ. ಆಗ ಬರುವ ಸರಿಯಾದ ಉತ್ತರ 143 ಚದರ ಮೀಟರ್.